ಹಂಚಿಕೆಯ ಫೋಲ್ಡರ್: ಕೀಲಿ ಯಾರ ಕೈಯಲ್ಲಿ?

ಸಣ್ಣ ಕಚೇರಿಗಳಲ್ಲಿ ಕಡತ ಪ್ರವೇಶಾನುಮತಿಯ ತೊಡಕುಗಳು ಹಾಗೂ ಪರಿಹಾರ

ರಾಜಾಜಿನಗರದ ಕೈಗಾರಿಕಾ ವಸಾಹತು, ಕಾಮಾಕ್ಷಿಪಾಳ್ಯ, ಸುಂಕದಕಟ್ಟೆ, ಕೆಂಗೇರಿಯ ಆಚೆಗಿನ ಕುಂಬಳಗೋಡು ಮೊದಲಾದ ಪ್ರದೇಶಗಳ ಸಣ್ಣ ಉದ್ಯಮಗಳನ್ನು ಬಲ್ಲವರಿಗೆ ಅಲ್ಲಿನ ಕಚೇರಿಗಳ ಸ್ವರೂಪವೂ ಪರಿಚಿತವೇ. ಕೆಳಗಡೆ ಯಂತ್ರಗಳು, ಮೇಲಿನ ಮಹಡಿಯಲ್ಲಿ ನಾಲ್ಕೈದು ಗಣಕಯಂತ್ರಗಳ ಒಂದು ಕೊಠಡಿ. ಪ್ರತ್ಯೇಕ ಸರ್ವರ್ ಇರುವುದು ಅಪರೂಪ. ಲೆಕ್ಕಿಗರ ಮೇಜಿನ ಮೇಲಿರುವ ಗಣಕಯಂತ್ರವೇ ಉಳಿದವರ ಪಾಲಿಗೆ ಸರ್ವರ್. ಅದರಲ್ಲಿರುವ ಒಂದು ಫೋಲ್ಡರನ್ನು ಎಲ್ಲರಿಗೂ ಹಂಚಿರುತ್ತಾರೆ. ಮಾರಾಟದ ಬಿಲ್ಲುಗಳು, ಖರೀದಿ ಆದೇಶಗಳು, ವೇತನ ಪಟ್ಟಿ, ಬಿಡಿಭಾಗಗಳ ನಕ್ಷೆಗಳು, ಟ್ಯಾಲಿ ದತ್ತಾಂಶ ಎಲ್ಲವೂ ಆ ಒಂದೇ ಫೋಲ್ಡರಿನಲ್ಲಿ.

ಈ ವ್ಯವಸ್ಥೆ ನಡೆಯುವಷ್ಟು ದಿನ ಚೆನ್ನಾಗಿಯೇ ನಡೆಯುತ್ತದೆ. ತೊಡಕು ಕಾಣಿಸಿಕೊಳ್ಳುವುದು ಬಹುಮಟ್ಟಿಗೆ ಕೆಲಸದ ಒತ್ತಡವಿರುವ ದಿನಗಳಲ್ಲಿ. ತಿಂಗಳ 15ನೆಯ ತಾರೀಖಿನೊಳಗೆ ಭವಿಷ್ಯನಿಧಿ ಮತ್ತು ಇ.ಎಸ್.ಐ. ವಂತಿಗೆ ಕಟ್ಟಬೇಕು, ಮಾಸಿಕ ವಿವರಪಟ್ಟಿ ಸಲ್ಲಿಸುವವರು 20ರೊಳಗೆ ಜಿ.ಎಸ್.ಟಿ.ಆರ್. 3ಬಿ ಸಲ್ಲಿಸಬೇಕು. ಅಂತಹ ದಿನವೇ ಖರೀದಿ ವಿಭಾಗದವರು ಸಿದ್ಧಪಡಿಸಿದ ಪಟ್ಟಿಯನ್ನು ಲೆಕ್ಕಿಗರು ತೆರೆಯಲು ಹೋದರೆ ಪರದೆಯ ಮೇಲೆ 'ಆಕ್ಸೆಸ್ ಈಸ್ ಡಿನೈಡ್' ಎಂಬ ಸೂಚನೆ ಮೂಡುತ್ತದೆ. ಗಾಬರಿಯಿಂದ ತಂತ್ರಜ್ಞರಿಗೆ ದೂರವಾಣಿ ಕರೆ ಹೋಗುತ್ತದೆ. ಅವರು ಬಂದು ಐದು ನಿಮಿಷದಲ್ಲಿ ಫೋಲ್ಡರನ್ನು 'ಎವೆರಿಒನ್, ಫುಲ್ ಕಂಟ್ರೋಲ್' ಎಂದು ಬದಲಿಸಿ ಹೊರಡುತ್ತಾರೆ. ಕೆಲಸ ಮುಂದುವರಿಯುತ್ತದೆ, ಎಲ್ಲರಿಗೂ ಸಮಾಧಾನ.

ಲೆಕ್ಕಪರಿಶೋಧನೆಯ ದೃಷ್ಟಿಯಿಂದ ನೋಡಿದರೆ ನಿಜವಾದ ತೊಂದರೆ ಆರಂಭವಾಗುವುದು ಆ ಐದು ನಿಮಿಷಗಳ ನಂತರವೇ. ತಿಜೋರಿಯ ಬೀಗ ತೆರೆಯದಿದ್ದಾಗ ಬಾಗಿಲನ್ನೇ ಕಿತ್ತಿಟ್ಟು ಹೋದಂತಹ ಪರಿಹಾರ ಅದು. ಪ್ರವೇಶಾನುಮತಿಯ ತೊಡಕಿಗೆ ಕಾರಣಗಳು ಬೆರಳೆಣಿಕೆಯಷ್ಟು ಮಾತ್ರ. ಕ್ರಮವಾಗಿ ಪರಿಶೀಲಿಸಿದರೆ ಯಾವುದು ಎಂಬುದು ತಿಳಿಯುತ್ತದೆ ಮತ್ತು ಅದೊಂದನ್ನೇ ಸರಿಪಡಿಸಿದರೆ ಸಾಕಾಗುತ್ತದೆ. ಈ ಲೇಖನದ ಉದ್ದೇಶ ಆ ಕ್ರಮವನ್ನು ಉದ್ಯಮಿಗಳ ಗಮನಕ್ಕೆ ತರುವುದು.

ಒಂದು ಫೋಲ್ಡರಿಗೆ ಎರಡು ಬೀಗ

ಮೊದಲು ತಿಳಿಯಬೇಕಾದ ಮೂಲಭೂತ ಸಂಗತಿಯೊಂದಿದೆ. ವಿಂಡೋಸ್ ಗಣಕಯಂತ್ರದಲ್ಲಿ ಹಂಚಿದ ಫೋಲ್ಡರಿಗೆ ಎರಡು ಬಗೆಯ ಅನುಮತಿಗಳಿರುತ್ತವೆ. ಫೋಲ್ಡರಿನ 'ಪ್ರಾಪರ್ಟೀಸ್' ತೆರೆದರೆ 'ಶೇರಿಂಗ್' ಎಂಬ ಪುಟದಲ್ಲಿ ಒಂದು, 'ಸೆಕ್ಯುರಿಟಿ' ಎಂಬ ಪುಟದಲ್ಲಿ ಇನ್ನೊಂದು ಕಾಣುತ್ತದೆ. ಮೊದಲನೆಯದು ಜಾಲದ ಮೂಲಕ ಬರುವವರಿಗೆ ಮಾತ್ರ ಅನ್ವಯಿಸುವ ಹೊರಬಾಗಿಲಿನ ಬೀಗ. ಎರಡನೆಯದು ಆ ಗಣಕಯಂತ್ರದ ಮುಂದೆಯೇ ಕುಳಿತವರಿಗೂ ಅನ್ವಯಿಸುವ ಒಳಬಾಗಿಲಿನ ಬೀಗ. ಜಾಲದ ಮೂಲಕ ಬರುವವರು ಎರಡನ್ನೂ ದಾಟಬೇಕು. ಎರಡರಲ್ಲಿ ಯಾವುದು ಹೆಚ್ಚು ಬಿಗಿಯಾಗಿದೆಯೋ ಅದೇ ಅಂತಿಮ.

ಬಹುತೇಕ ಗೊಂದಲಗಳ ಬೇರು ಇಲ್ಲಿದೆ. 'ಅಡ್ವಾನ್ಸ್ಡ್ ಶೇರಿಂಗ್' ಮೂಲಕ ಫೋಲ್ಡರನ್ನು ಹಂಚಿದಾಗ ವಿಂಡೋಸ್ ತಾನಾಗಿಯೇ ನೀಡುವ ಅನುಮತಿ ಎಲ್ಲರಿಗೂ 'ರೀಡ್', ಅಂದರೆ ಓದಲು ಮಾತ್ರ. 'ಸೆಕ್ಯುರಿಟಿ' ಪುಟದಲ್ಲಿ ಎಷ್ಟೇ ಉದಾರವಾಗಿ ಅನುಮತಿ ಕೊಟ್ಟರೂ ಹೊರಬಾಗಿಲಿನಲ್ಲಿ 'ರೀಡ್' ಎಂದಿರುವವರೆಗೆ ಸಹೋದ್ಯೋಗಿಗಳು ಕಡತವನ್ನು ತೆರೆಯಬಲ್ಲರೇ ಹೊರತು ತಿದ್ದಿ ಉಳಿಸಲಾರರು. 'ನನ್ನ ಯಂತ್ರದಲ್ಲಿ ಸರಿಯಾಗಿಯೇ ಇದೆ, ನಿಮ್ಮದರಲ್ಲಿ ಏಕೆ ಆಗುವುದಿಲ್ಲ?' ಎಂದು ಲೆಕ್ಕಿಗರು ಕೇಳುವುದು ಈ ಕಾರಣದಿಂದಲೇ. ಅವರು ಹೊರಬಾಗಿಲನ್ನು ದಾಟುವ ಪ್ರಸಂಗವೇ ಬರುವುದಿಲ್ಲ.

ರೂಢಿಯಲ್ಲಿರುವ ಉತ್ತಮ ಕ್ರಮವೆಂದರೆ, ಹೊರಬಾಗಿಲಿನಲ್ಲಿ ಕಚೇರಿಯ ಸಿಬ್ಬಂದಿಯ ಗುಂಪಿಗೆ ಬದಲಾವಣೆಯ ಅನುಮತಿ ನೀಡಿ, ಯಾರು ಯಾವ ಫೋಲ್ಡರಿನಲ್ಲಿ ಏನು ಮಾಡಬಹುದು ಎಂಬ ಸೂಕ್ಷ್ಮ ನಿಯಂತ್ರಣವನ್ನು ಒಳಬಾಗಿಲಿನಲ್ಲಿ ಮಾತ್ರ ಇಟ್ಟುಕೊಳ್ಳುವುದು. ಆಗ ತೊಂದರೆ ಬಂದರೆ ಒಂದೇ ಕಡೆ ಹುಡುಕಿದರೆ ಸಾಕು.

ಪತ್ತೆಯ ಕ್ರಮ

ತೊಡಕು ಎದುರಾದಾಗ ಯಾವ ಅನುಮತಿಯನ್ನೂ ಬದಲಿಸುವ ಮೊದಲು ಮೂರು ಪ್ರಶ್ನೆಗಳಿಗೆ ಉತ್ತರ ಕಂಡುಕೊಳ್ಳಬೇಕು. ಪರದೆಯ ಮೇಲಿನ ಸೂಚನೆ ನಿಖರವಾಗಿ ಏನು? ತೊಂದರೆ ಒಬ್ಬರಿಗೋ, ಎಲ್ಲರಿಗೋ? ಒಂದು ಕಡತಕ್ಕೋ, ಇಡೀ ಫೋಲ್ಡರಿಗೋ? ಈ ಮೂರು ಉತ್ತರಗಳನ್ನು ಒಂದು ಚೀಟಿಯಲ್ಲಿ ಬರೆದುಕೊಂಡರೆ ಅರ್ಧ ಕೆಲಸ ಮುಗಿದಂತೆ.

1. ಅದು ಅನುಮತಿಯ ತೊಂದರೆಯೇ ಅಲ್ಲದಿರಬಹುದು. 'ನೆಟ್‌ವರ್ಕ್ ಪಾತ್ ನಾಟ್ ಫೌಂಡ್' ಎಂದು ಬಂದರೆ ಲೆಕ್ಕಿಗರ ಗಣಕಯಂತ್ರ ನಿದ್ರಾವಸ್ಥೆಗೆ ಹೋಗಿದೆ, ಇಲ್ಲವೇ ಜಾಲದ ತಂತಿ ಸಡಿಲವಾಗಿದೆ ಎಂದು ಮೊದಲು ಶಂಕಿಸಬೇಕು. ಎಕ್ಸೆಲ್ ಕಡತವೊಂದು 'ಲಾಕ್ಡ್ ಫಾರ್ ಎಡಿಟಿಂಗ್' ಎಂದು ಹೇಳಿದರೆ ಇನ್ನೊಬ್ಬರು ಅದನ್ನು ತೆರೆದಿಟ್ಟಿದ್ದಾರೆ ಎಂದಷ್ಟೇ ಅರ್ಥ. ಯಾರೂ ತೆರೆದಿಲ್ಲವೆಂದು ಖಚಿತವಾಗಿದ್ದರೆ, ವಿದ್ಯುತ್ ಹೋದಾಗ ಅರ್ಧಕ್ಕೆ ಮುಚ್ಚಿದ ಕಡತದ ಗುರುತು ಉಳಿದಿರಬಹುದು. ಸರ್ವರ್ ಆಗಿರುವ ಯಂತ್ರದ 'ಕಂಪ್ಯೂಟರ್ ಮ್ಯಾನೇಜ್‌ಮೆಂಟ್' ಪರದೆಯಲ್ಲಿ 'ಓಪನ್ ಫೈಲ್ಸ್' ಎಂಬಲ್ಲಿ ಯಾರು ಯಾವ ಕಡತವನ್ನು ಹಿಡಿದಿದ್ದಾರೆ ಎಂಬುದು ಕಾಣುತ್ತದೆ. ಇನ್ನು ಸಾಮಾನ್ಯ ವಿಂಡೋಸ್ 10 ಅಥವಾ 11 ಆವೃತ್ತಿಯು ಏಕಕಾಲದಲ್ಲಿ 20 ಸಂಪರ್ಕಗಳಿಗಿಂತ ಹೆಚ್ಚನ್ನು ಸ್ವೀಕರಿಸುವುದಿಲ್ಲ. ಕಚೇರಿ ಬೆಳೆದಂತೆ ಕೆಲವರಿಗೆ ಮಾತ್ರ ಬಾಗಿಲು ಮುಚ್ಚುವುದಕ್ಕೆ ಇದೂ ಕಾರಣವಾಗಬಹುದು.

2. ಒಬ್ಬರಿಗೆ ಮಾತ್ರ ತೊಂದರೆಯಾದರೆ ಆ ವ್ಯಕ್ತಿಯ ಗುರುತಿನಲ್ಲಿ ದೋಷವಿದೆ. ಸರ್ವರ್ ಯಂತ್ರದಲ್ಲಿ ಅವರ ಸಂಕೇತಪದ ಬದಲಾಗಿದ್ದು, ಅವರ ಯಂತ್ರ ಹಳೆಯದನ್ನೇ ನೆನಪಿಟ್ಟುಕೊಂಡಿರಬಹುದು. 'ಕ್ರೆಡೆನ್ಷಿಯಲ್ ಮ್ಯಾನೇಜರ್' ತೆರೆದು ಹಳೆಯ ನಮೂದನ್ನು ಅಳಿಸಿ ಮತ್ತೆ ಪ್ರವೇಶಿಸಬೇಕು. ನಾಲ್ಕಂಕಿಯ ಪಿನ್ ಬಳಸಿ ಗಣಕಯಂತ್ರ ತೆರೆಯುವ ಅಭ್ಯಾಸವಿರುವವರು ಜಾಲದ ಮೂಲಕ ಹೋಗುವಾಗಲೂ ಪಿನ್ ಕೊಡುತ್ತಾರೆ. ಅಲ್ಲಿ ಪೂರ್ಣ ಸಂಕೇತಪದವೇ ಬೇಕು. ಸಂಕೇತಪದವೇ ಇಲ್ಲದ ಖಾತೆಗೆ ಜಾಲದ ಮೂಲಕ ಪ್ರವೇಶವನ್ನು ವಿಂಡೋಸ್ ಸಾಮಾನ್ಯವಾಗಿ ನಿರಾಕರಿಸುತ್ತದೆ. ಹೊಸದಾಗಿ ಒಬ್ಬರನ್ನು ಗುಂಪಿಗೆ ಸೇರಿಸಿದ್ದರೆ ಅವರು ಒಮ್ಮೆ ಲಾಗ್ ಆಫ್ ಆಗಿ ಮತ್ತೆ ಪ್ರವೇಶಿಸಬೇಕು. ಗುಂಪಿನ ಸದಸ್ಯತ್ವವನ್ನು ಗಣಕಯಂತ್ರ ಪ್ರವೇಶದ ಕ್ಷಣದಲ್ಲಿ ಮಾತ್ರ ಓದಿಕೊಳ್ಳುತ್ತದೆ.

3. ಒಂದೇ ಕಡತಕ್ಕೆ ತೊಂದರೆಯಾದರೆ ಅದು ಎಲ್ಲಿಂದ ಬಂತೆಂದು ವಿಚಾರಿಸಬೇಕು. ಹಂಚಿಕೆಯ ಫೋಲ್ಡರಿನೊಳಗೆ ಹೊಸದಾಗಿ ಸೃಷ್ಟಿಸಿದ ಅಥವಾ ನಕಲು ಮಾಡಿ ಇಟ್ಟ ಕಡತವು ಆ ಫೋಲ್ಡರಿನ ಅನುಮತಿಗಳನ್ನೇ ಪಡೆಯುತ್ತದೆ. ಆದರೆ ಅದೇ ಯಂತ್ರದ ಅದೇ ಡ್ರೈವ್‌ನಲ್ಲಿ, ಉದಾಹರಣೆಗೆ ಲೆಕ್ಕಿಗರ ಡೆಸ್ಕ್‌ಟಾಪ್‌ನಲ್ಲಿದ್ದ ಕಡತವನ್ನು 'ಕಟ್' ಮಾಡಿ ಹಂಚಿಕೆಯ ಫೋಲ್ಡರಿಗೆ ಸರಿಸಿದರೆ ಅದು ತನ್ನ ಹಳೆಯ ಅನುಮತಿಗಳನ್ನು ಹೊತ್ತುಕೊಂಡೇ ಬರುತ್ತದೆ. ಡೆಸ್ಕ್‌ಟಾಪ್ ಲೆಕ್ಕಿಗರ ಸ್ವಂತದ್ದು. ಆದ್ದರಿಂದ ಉಳಿದವರಿಗೆ ಪ್ರವೇಶವಿಲ್ಲ. ಸರಿಸುವ ಬದಲು ನಕಲು ಮಾಡುವುದೇ ಇದಕ್ಕೆ ಸರಳ ಪರಿಹಾರ. ಈಗಾಗಲೇ ಸರಿಸಿಯಾಗಿದ್ದರೆ ಆ ಕಡತದ 'ಸೆಕ್ಯುರಿಟಿ' ಪುಟದಲ್ಲಿ 'ಅಡ್ವಾನ್ಸ್ಡ್' ತೆರೆದು, ಮೇಲಿನ ಫೋಲ್ಡರಿನಿಂದ ಅನುಮತಿ ಪಡೆಯುವಂತೆ ಮಾಡಬೇಕು.

4. ಓದಲು ಬರುತ್ತದೆ, ಉಳಿಸಲು ಬರುವುದಿಲ್ಲ ಎಂದಾದರೆ ಮೇಲೆ ಹೇಳಿದ ಹೊರಬಾಗಿಲನ್ನು ನೋಡಬೇಕು. ಅದು ಸರಿಯಿದ್ದರೆ 'ರೈಟ್' ಅನುಮತಿ ಮಾತ್ರ ಕೊಟ್ಟು 'ಮಾಡಿಫೈ' ಕೊಡದಿರುವುದು ಕಾರಣವಾಗಿರಬಹುದು. ಎಕ್ಸೆಲ್ ಮತ್ತು ವರ್ಡ್ ತಂತ್ರಾಂಶಗಳು ಉಳಿಸುವಾಗ ತಾತ್ಕಾಲಿಕ ಕಡತವೊಂದನ್ನು ಸೃಷ್ಟಿಸಿ, ಹಳೆಯದನ್ನು ಅಳಿಸಿ, ಹೊಸದಕ್ಕೆ ಹಳೆಯ ಹೆಸರಿಡುತ್ತವೆ. ಅಳಿಸುವ ಅನುಮತಿ ಇಲ್ಲದವರು ಉಳಿಸಲೂ ಆಗದು. ಅವರಿಗೆ 'ಮಾಡಿಫೈ' ಕೊಟ್ಟರೆ ಸಾಕು. 'ಫುಲ್ ಕಂಟ್ರೋಲ್' ಎಂದರೆ ಇತರರ ಅನುಮತಿಗಳನ್ನೇ ಬದಲಿಸುವ ಅಧಿಕಾರ. ಅದು ನಿರ್ವಾಹಕರಿಗೆ ಮಾತ್ರ ಸಲ್ಲತಕ್ಕದ್ದು.

5. ಅನುಮತಿ ಇದ್ದೂ ಪ್ರವೇಶವಿಲ್ಲ ಎಂದಾದರೆ ಎಲ್ಲೋ ಒಂದು ಕಡೆ 'ಡಿನೈ' ಗುರುತು ಬಿದ್ದಿದೆಯೇ ಎಂದು ನೋಡಬೇಕು. ಒಬ್ಬ ವ್ಯಕ್ತಿ ಎರಡು ಗುಂಪುಗಳಲ್ಲಿದ್ದು, ಒಂದರಲ್ಲಿ ಅನುಮತಿ, ಇನ್ನೊಂದರಲ್ಲಿ ನಿರಾಕರಣೆ ಇದ್ದರೆ ಸಾಮಾನ್ಯವಾಗಿ ನಿರಾಕರಣೆಯೇ ಗೆಲ್ಲುತ್ತದೆ. 'ಡಿನೈ' ಗುರುತನ್ನು ಬಳಸದಿರುವುದೇ ಒಳಿತು. ಅನುಮತಿ ಕೊಡದಿದ್ದರೆ ಅಷ್ಟೇ ಸಾಕು. 'ಎಫೆಕ್ಟಿವ್ ಆಕ್ಸೆಸ್' ಎಂಬ ಪುಟದಲ್ಲಿ ವ್ಯಕ್ತಿಯ ಹೆಸರು ಕೊಟ್ಟರೆ ಅವರಿಗೆ ಒಟ್ಟಾರೆ ಏನೇನು ಅಧಿಕಾರವಿದೆ ಎಂಬುದನ್ನು ವಿಂಡೋಸ್ ತಾನೇ ಲೆಕ್ಕ ಹಾಕಿ ತೋರಿಸುತ್ತದೆ. ಊಹೆಗಿಂತ ಇದು ಎಷ್ಟೋ ಮೇಲು.

6. ವಿಂಡೋಸ್ ಮರುಸ್ಥಾಪನೆಯ ನಂತರ ಹಳೆಯ ಫೋಲ್ಡರುಗಳು ತೆರೆಯದಿದ್ದರೆ, ಅನುಮತಿ ಪಟ್ಟಿಯಲ್ಲಿ ಹೆಸರುಗಳ ಬದಲು 'ಎಸ್-1-5-21' ಎಂದು ಆರಂಭವಾಗುವ ಉದ್ದನೆಯ ಸಂಖ್ಯೆಗಳು ಕಾಣುತ್ತವೆ. ಗಣಕಯಂತ್ರ ಗುರುತಿಸುವುದು ಹೆಸರನ್ನಲ್ಲ, ಆ ಸಂಖ್ಯೆಯನ್ನು. ಹೆಸರು ಅದೇ ಆಗಿದ್ದರೂ ಹೊಸ ಖಾತೆಯ ಸಂಖ್ಯೆ ಬೇರೆ. ನಿರ್ವಾಹಕರು ಫೋಲ್ಡರಿನ ಒಡೆತನವನ್ನು ತಮ್ಮದಾಗಿಸಿಕೊಂಡು, ಹೊಸ ಖಾತೆಗಳಿಗೆ ಅನುಮತಿ ಕೊಡಬೇಕು.

7. ಹಳೆಯ ಸಂಗ್ರಹ ಪೆಟ್ಟಿಗೆ ಹಠಾತ್ತಾಗಿ ಕಾಣದಂತಾದರೆ ವಿಂಡೋಸ್ ನವೀಕರಣವನ್ನು ಶಂಕಿಸಬೇಕು. ಕಡತ ಹಂಚಿಕೆಯ ಹಳೆಯ ವಿಧಾನವಾದ ಎಸ್.ಎಂ.ಬಿ. ಮೊದಲ ಆವೃತ್ತಿಯನ್ನು 2017ರಿಂದ ಹೊಸದಾಗಿ ಸ್ಥಾಪಿಸಿದ ವಿಂಡೋಸ್ 10 ಪ್ರತಿಗಳಲ್ಲಿ ಕೈಬಿಡುತ್ತ ಬರಲಾಗಿದೆ. 2024ರ ವಿಂಡೋಸ್ 11 ಆವೃತ್ತಿಯು ಸಂಕೇತಪದವಿಲ್ಲದ 'ಗೆಸ್ಟ್' ಪ್ರವೇಶವನ್ನೂ ಬಿಗಿಗೊಳಿಸಿದೆ. ಹಳೆಯ ವಿಧಾನವನ್ನು ಮತ್ತೆ ಜಾರಿಗೊಳಿಸುವುದು ಸುಲಭ, ಆದರೆ ಅಪಾಯಕರ. ಪೆಟ್ಟಿಗೆಯ ತಂತ್ರಾಂಶವನ್ನು ನವೀಕರಿಸಿ, ಪ್ರತಿಯೊಬ್ಬರಿಗೂ ಸಂಕೇತಪದವಿರುವ ಖಾತೆ ತೆರೆಯುವುದೇ ಸರಿಯಾದ ಮಾರ್ಗ.

ಲಿನಕ್ಸ್ ಬಳಸುವ ಕಚೇರಿಗಳಲ್ಲಿ ತೊಡಕಿನ ರೂಪ ಸ್ವಲ್ಪ ಭಿನ್ನ. ಅಲ್ಲಿ ಕಡತಕ್ಕೆ ಒಡೆಯ, ಗುಂಪು, ಇತರರು ಎಂಬ ಮೂರು ವರ್ಗಗಳಿವೆ. ಒಬ್ಬರು ಸೃಷ್ಟಿಸಿದ ಕಡತ ಸಾಮಾನ್ಯವಾಗಿ ಅವರ ಸ್ವಂತ ಗುಂಪಿಗೆ ಸೇರುತ್ತದೆಯಾದ್ದರಿಂದ ಸಹೋದ್ಯೋಗಿಗಳು ತಿದ್ದಲಾರರು. ಫೋಲ್ಡರಿಗೆ 'ಸೆಟ್‌ಜಿಐಡಿ' ಎಂಬ ಗುರುತು ಹಾಕಿದರೆ ಅದರೊಳಗಿನ ಹೊಸ ಕಡತಗಳೆಲ್ಲ ಫೋಲ್ಡರಿನ ಗುಂಪಿಗೇ ಸೇರುತ್ತವೆ. 'ಯುಮಾಸ್ಕ್' ಮೌಲ್ಯವನ್ನು 022ರ ಬದಲು 002 ಎಂದಿಟ್ಟರೆ ಗುಂಪಿನವರೆಲ್ಲ ಬರೆಯಬಹುದು. ಎಲ್ಲರಿಗೂ ತೆರೆಯುವ '777' ಇಲ್ಲಿಯ 'ಎವೆರಿಒನ್', ಅದನ್ನು ದೂರವಿಡಬೇಕು.

ಎಲ್ಲರಿಗೂ ತೆರೆದ ಬಾಗಿಲಿನ ಬೆಲೆ

'ನಮ್ಮದು ಹತ್ತು ಜನರ ಕಚೇರಿ, ಎಲ್ಲರೂ ನಂಬಿಕಸ್ಥರು' ಎಂಬ ಮಾತು ಉದ್ಯಮಿಗಳಿಂದ ಆಗಾಗ ಕೇಳಿಬರುತ್ತದೆ. ನಂಬಿಕೆ ಒಳ್ಳೆಯದೇ. ಆದರೆ ಪ್ರಶ್ನೆ ಸಿಬ್ಬಂದಿಯ ಪ್ರಾಮಾಣಿಕತೆಯದಲ್ಲ.

2017ರ ಮೇ ತಿಂಗಳಿನಲ್ಲಿ 'ವಾನ್ನಾಕ್ರೈ' ಎಂಬ ಸುಲಿಗೆ ತಂತ್ರಾಂಶವು ಮೇಲೆ ಹೇಳಿದ ಎಸ್.ಎಂ.ಬಿ. ಮೊದಲ ಆವೃತ್ತಿಯ ದೋಷವನ್ನು ಬಳಸಿಕೊಂಡು ಕೆಲವೇ ದಿನಗಳಲ್ಲಿ ಸುಮಾರು 150 ದೇಶಗಳ ಗಣಕಯಂತ್ರಗಳಿಗೆ ಹರಡಿತು. ಆ ದೋಷಕ್ಕೆ ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಪರಿಹಾರ ಬಿಡುಗಡೆ ಮಾಡಿತ್ತು, ಸ್ಥಾಪಿಸಿಕೊಳ್ಳದವರು ಬಲಿಯಾದರು. ಇಂತಹ ತಂತ್ರಾಂಶಗಳು ಕಚೇರಿಯ ಒಬ್ಬರ ಯಂತ್ರವನ್ನು ಪ್ರವೇಶಿಸಿದರೆ ಆ ವ್ಯಕ್ತಿಗೆ ಬರೆಯುವ ಅನುಮತಿ ಇರುವ ಕಡತಗಳನ್ನೆಲ್ಲ, ಹಂಚಿಕೆಯ ಫೋಲ್ಡರಿನಲ್ಲಿರುವವನ್ನೂ ಸೇರಿಸಿ, ಬಳಕೆಗೆ ಬಾರದಂತೆ ಮಾಡುತ್ತವೆ. ಉಗ್ರಾಣದ ಗುಮಾಸ್ತರಿಗೆ ಉಗ್ರಾಣದ ಫೋಲ್ಡರ್ ಮಾತ್ರ ತೆರೆದಿದ್ದರೆ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಎಲ್ಲವೂ ತೆರೆದಿದ್ದರೆ ಅವರು ಅರಿಯದೆ ಒತ್ತಿದ ಒಂದು ಕೊಂಡಿಯಿಂದ ಸಂಸ್ಥೆಯ ಎಂಟು ವರ್ಷಗಳ ಲೆಕ್ಕ ಹೋಗಬಹುದು.

ಇಷ್ಟು ದೂರ ಹೋಗಬೇಕಾಗಿಯೂ ಇಲ್ಲ. ಯಂತ್ರಗಾರದವರು ನೋಡಲೆಂದು ತೆರೆದ ನಕ್ಷೆಯಲ್ಲಿ ಒಂದು ಅಳತೆ ಆಕಸ್ಮಿಕವಾಗಿ ಬದಲಾಗಿ ಉಳಿದುಬಿಟ್ಟರೆ, ಗ್ರಾಹಕರು ಇಡೀ ಕಂತನ್ನು ತಿರಸ್ಕರಿಸಿದ ಮೇಲೆಯೇ ಅದು ತಿಳಿಯುತ್ತದೆ. ವೇತನ ಪಟ್ಟಿ ಎಲ್ಲರ ಕಣ್ಣಿಗೆ ಬಿದ್ದರೆ ಕಚೇರಿಯಲ್ಲಿ ಉಂಟಾಗುವ ಮನಸ್ತಾಪವನ್ನು ಬೇರೆ ಹೇಳಬೇಕಾಗಿಲ್ಲ.

ಟ್ಯಾಲಿ ದತ್ತಾಂಶದ ವಿಶೇಷ

ಬೆಂಗಳೂರಿನಲ್ಲಿಯೇ ಕೇಂದ್ರ ಕಚೇರಿ ಹೊಂದಿರುವ ಟ್ಯಾಲಿ ಸಂಸ್ಥೆಯ ತಂತ್ರಾಂಶ ನಮ್ಮ ಬಹುತೇಕ ಘಟಕಗಳಲ್ಲಿ ಇದೆಯಾದ್ದರಿಂದ ಒಂದು ಅಂಶವನ್ನು ವಿಶೇಷವಾಗಿ ಗಮನಿಸಬೇಕು. ಹಲವರು ಒಂದೇ ಕಂಪನಿಯ ದತ್ತಾಂಶವನ್ನು ಜಾಲದ ಮೂಲಕ ತೆರೆಯುವಾಗ, ದತ್ತಾಂಶದ ಫೋಲ್ಡರಿನಲ್ಲಿ ಅವರೆಲ್ಲರಿಗೂ ಓದುವ, ಬರೆಯುವ ಅನುಮತಿ ಇರಲೇಬೇಕಾಗುತ್ತದೆ. ಟ್ಯಾಲಿಯೊಳಗೆ ಪ್ರತಿಯೊಬ್ಬರಿಗೂ ಬೇರೆ ಬೇರೆ ಸಂಕೇತಪದ, ಬೇರೆ ಬೇರೆ ಅಧಿಕಾರ ನೀಡಬಹುದು, ನೀಡಲೇಬೇಕು. ಆದರೆ ಆ ಸಂಕೇತಪದ ಕಾಯುವುದು ತಂತ್ರಾಂಶದ ಬಾಗಿಲನ್ನು. ಫೋಲ್ಡರನ್ನು ನೇರವಾಗಿ ತೆರೆದು ದತ್ತಾಂಶವನ್ನು ಅಳಿಸುವುದನ್ನಾಗಲಿ, ನಕಲು ಮಾಡಿ ಒಯ್ಯುವುದನ್ನಾಗಲಿ ಅದು ತಡೆಯುವುದಿಲ್ಲ.

ಆದುದರಿಂದ ಮೂರು ಎಚ್ಚರಗಳು ಅಗತ್ಯ. ಟ್ಯಾಲಿ ದತ್ತಾಂಶವನ್ನು ಇತರ ಕಡತಗಳ ಜೊತೆ ಇರಿಸದೆ ಪ್ರತ್ಯೇಕ ಫೋಲ್ಡರಿನಲ್ಲಿಟ್ಟು, ಟ್ಯಾಲಿ ಬಳಸುವವರಿಗೆ ಮಾತ್ರ ಹಂಚಬೇಕು. 'ಟ್ಯಾಲಿವಾಲ್ಟ್' ಸಂಕೇತಪದ ಬಳಸಿದರೆ ನಕಲು ಒಯ್ದವರಿಗೆ ಅದು ತೆರೆಯದು. ಪ್ರತಿದಿನದ ಬ್ಯಾಕಪ್ ಅದೇ ಹಂಚಿಕೆಯ ಫೋಲ್ಡರಿನಲ್ಲಿ ಇರಕೂಡದು. ಕನಿಷ್ಠ ಒಂದು ಪ್ರತಿ ಜಾಲದಿಂದ ಬೇರ್ಪಡಿಸಿದ ಡಿಸ್ಕ್‌ನಲ್ಲಿರಬೇಕು.

ಕಾನೂನಿನ ಹೊಣೆ

ಪ್ರವೇಶಾನುಮತಿ ತಂತ್ರಜ್ಞರ ವಿಷಯವೆಂದು ಕೈತೊಳೆದುಕೊಳ್ಳಲು ಕಾನೂನು ಅವಕಾಶ ಕೊಡುವುದಿಲ್ಲ. 2013ರ ಕಂಪನಿ ಕಾಯ್ದೆಯ 128ನೆಯ ಕಲಮಿನ ಪ್ರಕಾರ ಕಂಪನಿಗಳು ಲೆಕ್ಕಪುಸ್ತಕಗಳನ್ನೂ ವೋಚರುಗಳನ್ನೂ ಕನಿಷ್ಠ ಎಂಟು ಹಣಕಾಸು ವರ್ಷ ಕಾಪಾಡಬೇಕು. ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್ಪನ್ನು ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಇರಿಸಬೇಕೆಂದು 2022ರಲ್ಲಿ ನಿಯಮಕ್ಕೆ ತಿದ್ದುಪಡಿಯಾಗಿದೆ. 2023ರ ಏಪ್ರಿಲ್ 1ರಿಂದ ಕಂಪನಿಗಳು ಬಳಸುವ ಲೆಕ್ಕದ ತಂತ್ರಾಂಶವು ಪ್ರತಿಯೊಂದು ಬದಲಾವಣೆಯ ಜಾಡನ್ನೂ ದಾಖಲಿಸಬೇಕು. ಆ ಬಗ್ಗೆ ಲೆಕ್ಕಪರಿಶೋಧಕರು ತಮ್ಮ ವರದಿಯಲ್ಲಿ ಹೇಳಬೇಕು.

ಪಾಲುದಾರಿಕೆ ಮತ್ತು ಏಕವ್ಯಕ್ತಿ ಸಂಸ್ಥೆಗಳಿಗೆ ಈ ಕಂಪನಿ ನಿಯಮಗಳು ಅನ್ವಯಿಸುವುದಿಲ್ಲವಾದರೂ ಜಿ.ಎಸ್.ಟಿ. ನಿಯಮಗಳು ಬಿಡುವುದಿಲ್ಲ. ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳು ದಾಖಲೆಗಳನ್ನು ಇಟ್ಟುಕೊಳ್ಳಬೇಕು. 56ನೆಯ ನಿಯಮವು ತಿದ್ದಿದ, ಅಳಿಸಿದ ಪ್ರತಿ ನಮೂದಿನ ದಾಖಲೆಯನ್ನು ಕೇಳುತ್ತದೆ. 57ನೆಯ ನಿಯಮವು ಬ್ಯಾಕಪ್ಪನ್ನೂ, ಅಧಿಕಾರಿಗಳು ಕೇಳಿದಾಗ ಕಡತಗಳ ವಿವರವನ್ನೂ ಸಂಕೇತಪದಗಳನ್ನೂ ಒದಗಿಸುವುದನ್ನೂ ಕಡ್ಡಾಯಗೊಳಿಸುತ್ತದೆ. ಕೆಲಸ ಬಿಟ್ಟುಹೋದ ಲೆಕ್ಕಿಗರಿಗೆ ಮಾತ್ರ ಸಂಕೇತಪದ ಗೊತ್ತಿತ್ತು ಎಂಬ ಉತ್ತರ ಅಲ್ಲಿ ನಡೆಯುವುದಿಲ್ಲ.

ಎಲ್ಲರೂ ಒಂದೇ ಹೆಸರಿನಿಂದ, ಒಂದೇ ಸಂಕೇತಪದದಿಂದ ಕೆಲಸ ಮಾಡುವ ಕಚೇರಿಯಲ್ಲಿ ಬದಲಾವಣೆಯ ಜಾಡು ಇದ್ದೂ ಪ್ರಯೋಜನವಿಲ್ಲ. ಯಾರು ತಿದ್ದಿದರು ಎಂಬ ಪ್ರಶ್ನೆಗೆ 'ಅಡ್ಮಿನ್' ಎಂಬುದು ಉತ್ತರವಲ್ಲ.

ಮಾಲೀಕರು ಮಾಡಬೇಕಾದ ವ್ಯವಸ್ಥೆ

ಗಣಕಯಂತ್ರದಲ್ಲಿ ಗುರುತು ಹಾಕುವವರು ತಂತ್ರಜ್ಞರಾದರೂ ಯಾರಿಗೆ ಎಷ್ಟು ಎಂದು ನಿರ್ಧರಿಸಬೇಕಾದವರು ಮಾಲೀಕರು. ಒಂದು ಹಾಳೆಯ ಮೇಲೆ ಅದನ್ನು ಬರೆಯಬಹುದು. ಉದಾಹರಣೆಗೆ:

ಲೆಕ್ಕಪತ್ರ: ಲೆಕ್ಕಿಗರು ಬರೆಯುವರು, ಮಾಲೀಕರು, ಲೆಕ್ಕಪರಿಶೋಧಕರು ಓದುವರು.

ವೇತನ: ಮಾಲೀಕರು ಮತ್ತು ವೇತನ ನೋಡಿಕೊಳ್ಳುವ ಒಬ್ಬರು ಮಾತ್ರ.

ಖರೀದಿ ಮತ್ತು ಉಗ್ರಾಣ: ಆಯಾ ವಿಭಾಗದವರು ಬರೆಯುವರು, ಲೆಕ್ಕಿಗರು ಓದುವರು.

ನಕ್ಷೆಗಳು: ವಿನ್ಯಾಸಕಾರರು ಬರೆಯುವರು, ಯಂತ್ರಗಾರದವರು ಓದುವರು.

ಸಾಮಾನ್ಯ: ಎಲ್ಲರೂ ಬರೆಯಬಹುದು, ಮುಖ್ಯ ದಾಖಲೆಗಳು ಇಲ್ಲಿ ಇರಕೂಡದು.

ಹಳೆಯ ವರ್ಷಗಳು: ಲೆಕ್ಕಪರಿಶೋಧನೆ ಮುಗಿದ ವರ್ಷದ ಬಿಲ್ಲು, ವೋಚರ್, ಪಟ್ಟಿಗಳನ್ನು ಎಲ್ಲರಿಗೂ ಓದಲು ಮಾತ್ರ.

ಅನುಮತಿಯನ್ನು ವ್ಯಕ್ತಿಯ ಹೆಸರಿಗೆ ಕೊಡದೆ ಕೆಲಸದ ಹೆಸರಿನ ಗುಂಪಿಗೆ ಕೊಡಬೇಕು. ಲೆಕ್ಕಿಗರು ಬದಲಾದರೆ ಗುಂಪಿನಿಂದ ಒಬ್ಬರನ್ನು ತೆಗೆದು ಇನ್ನೊಬ್ಬರನ್ನು ಸೇರಿಸಿದರೆ ಮುಗಿಯಿತು, ಫೋಲ್ಡರುಗಳನ್ನು ಮುಟ್ಟಬೇಕಾಗಿಲ್ಲ. ಅನುಮತಿಗಳನ್ನು ಮೇಲಿನ ಹಂತದ ಫೋಲ್ಡರುಗಳಲ್ಲಿ ಮಾತ್ರ ನಿಗದಿಪಡಿಸಬೇಕು. ಒಳಗೊಳಗಿನ ಫೋಲ್ಡರುಗಳಿಗೆ ಬೇರೆ ಬೇರೆ ನಿಯಮ ಮಾಡಿದರೆ ವರ್ಷ ಕಳೆದ ಮೇಲೆ ಮಾಡಿದವರಿಗೂ ಅರ್ಥವಾಗದು. ಕೆಲಸ ಬಿಡುವವರ ಖಾತೆಯನ್ನು ಅಂತಿಮ ಲೆಕ್ಕ ಚುಕ್ತಾ ಮಾಡುವ ದಿನವೇ ನಿಷ್ಕ್ರಿಯಗೊಳಿಸಬೇಕು. ನಿರ್ವಾಹಕರ ಸಂಕೇತಪದವನ್ನು ಮೊಹರು ಮಾಡಿದ ಲಕೋಟೆಯಲ್ಲಿ ಮಾಲೀಕರು ತಮ್ಮ ಬಳಿ ಇರಿಸಿಕೊಳ್ಳಬೇಕು. 'ಮಾಡಿಫೈ' ಇರುವವರು ಅಳಿಸಲೂ ಬಲ್ಲರಾದ್ದರಿಂದ ಬ್ಯಾಕಪ್‌ಗೆ ಪರ್ಯಾಯವಿಲ್ಲ. ಮೂರು ತಿಂಗಳಿಗೊಮ್ಮೆ ಅದರಿಂದ ಒಂದು ಕಡತವನ್ನು ಮರಳಿ ಪಡೆದು ಪರೀಕ್ಷಿಸಬೇಕು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದಿರುವುದರಿಂದ ಸರ್ವರ್ ಆಗಿರುವ ಯಂತ್ರ ಯಾವ ಆವೃತ್ತಿಯದು ಎಂಬುದನ್ನೂ ನೋಡಿಕೊಳ್ಳುವುದು ಒಳಿತು.

ಗೂಗಲ್ ಡ್ರೈವ್‌ನಂತಹ ಅಂತರಜಾಲ ಸೇವೆಗಳನ್ನು ಬಳಸುವವರಿಗೂ ಇದೇ ತತ್ವ ಅನ್ವಯ. ಸಿಬ್ಬಂದಿಯ ಸ್ವಂತ ಜಿಮೇಲ್ ಖಾತೆಯಲ್ಲಿ ಸೃಷ್ಟಿಯಾದ ಕಡತದ ಒಡೆತನ ಅವರದೇ. ಅವರು ಹೋದರೆ ಕಡತವೂ ಕೈತಪ್ಪಬಹುದು. ಸಂಸ್ಥೆಯ ಹೆಸರಿನ ಪಾವತಿ ಖಾತೆಯಲ್ಲಿ ದೊರೆಯುವ 'ಶೇರ್ಡ್ ಡ್ರೈವ್‌'ನಲ್ಲಿಟ್ಟರೆ ಒಡೆತನ ಸಂಸ್ಥೆಯದಾಗುತ್ತದೆ. 'ಎನಿಒನ್ ವಿತ್ ದ ಲಿಂಕ್' ಎಂಬ ಆಯ್ಕೆ ಅಂತರಜಾಲದ 'ಎವೆರಿಒನ್' ಎಂಬುದನ್ನು ಮರೆಯಬಾರದು.

ಮೇಲಿನ ಹಾಳೆಯನ್ನು ಸಿದ್ಧಪಡಿಸಲು ಒಂದು ಮಧ್ಯಾಹ್ನ ಸಾಕು. ಅದಕ್ಕೆ ಹೊಸ ಯಂತ್ರವಾಗಲಿ, ದುಬಾರಿ ತಂತ್ರಾಂಶವಾಗಲಿ ಬೇಕಿಲ್ಲ. ಮಾಲೀಕರು, ಲೆಕ್ಕಿಗರು, ತಂತ್ರಜ್ಞರು ಒಂದೇ ಮೇಜಿನ ಸುತ್ತ ಕುಳಿತು, ಮಾಲೀಕರ ಸಹಿಯೊಂದಿಗೆ ಅದನ್ನು ಜಾರಿಗೊಳಿಸಿದರೆ ಮುಂದಿನ ಬಾರಿ 'ಆಕ್ಸೆಸ್ ಈಸ್ ಡಿನೈಡ್' ಎಂದು ಕಂಡಾಗ ಮೊದಲು ಕೇಳಬೇಕಾದ ಪ್ರಶ್ನೆಗೆ ಉತ್ತರ ಸಿದ್ಧವಾಗಿರುತ್ತದೆ: ಈ ವ್ಯಕ್ತಿಗೆ ಈ ಕಡತದ ಅಗತ್ಯವಿದೆಯೇ? ಇದೆ ಎಂದಾದರೆ ಮೇಲಿನ ಏಳು ಕಾರಣಗಳಲ್ಲಿ ಒಂದನ್ನು ಸರಿಪಡಿಸಬೇಕು. ಇಲ್ಲ ಎಂದಾದರೆ ಬೀಗ ತನ್ನ ಕೆಲಸ ಮಾಡಿದೆ ಎಂದು ತಿಳಿಯಬೇಕು.